ಗೆರೆಯಾಚೆ ನಿಂತವರ ತಲೆ ಯಾರ ಹೊಣೆ?

ಮೂವತ್ತು ದಾಟಿ ಕೆಲವೇ ವರ್ಷವಾಗಿರುವ ಹೆಣ್ಣುಮಗಳು ತನ್ನನ್ನು ನಿವೃತ್ತಳೆಂದು ಕರೆದುಕೊಂಡರೆ ಜನ ನಗುತ್ತಾರೆ. ‘ಕೆಲಸ ಬಿಟ್ಟೆ ಅನ್ನು’ ಎಂದು ತಿದ್ದುತ್ತಾರೆ. ನಾನು ತಿದ್ದಿಸಿಕೊಳ್ಳುವುದಿಲ್ಲ. ಕೆಲಸ ಬಿಟ್ಟವರು ಅದೇ ಕೆಲಸವನ್ನು ಬೇರೆ ಕಡೆ ಹುಡುಕುತ್ತಾರೆ. ನಾನು ಫುಟ್‌ಬಾಲ್ ಮೈದಾನದ ಅಂಚಿಗೆ ಇನ್ನೆಂದೂ ಮರಳುವವಳಲ್ಲ. ಟೊರಾಂಟೊ ಸುತ್ತಲಿನ ಕಾಲೇಜುಗಳಲ್ಲಿ ಇದೇ ವೃತ್ತಿಯನ್ನು ಕಲಿಯಲು ಕರ್ನಾಟಕದಿಂದ ಬಂದಿರುವ ಕೆಲವರು ಕಾಫಿ ಅಂಗಡಿಯ ಶಿಫ್ಟು ಮುಗಿಸಿ ಬಸ್ಸಿನಿಂದ ಫೋನ್ ಮಾಡುತ್ತಾರೆ. ‘ಅಕ್ಕಾ, ಜಾಬ್ ನಿಜವಾಗ್ಲೂ ಹೇಗಿರುತ್ತೆ?’ ಎಂದು ಕೇಳುತ್ತಾರೆ. ಈ ಬರಹ ಅವರಿಗೆ. ಜೊತೆಗೆ, ಇದನ್ನು ಯಾರೂ ಓದಬಾರದೆಂದು ಬಯಸುವ ಒಬ್ಬಿಬ್ಬರಿಗೂ.

ಪ್ರಮಾಣಪತ್ರದಲ್ಲಿ ನಮ್ಮ ಹುದ್ದೆಯ ಹೆಸರು ಅಥ್ಲೆಟಿಕ್ ಥೆರಪಿಸ್ಟ್. ಮೈದಾನದಲ್ಲಿ ಎಲ್ಲರೂ ಕರೆಯುವುದು ಫಿಸಿಯೊ. ಆಟಗಾರ ಬಿದ್ದಾಗ ಚೀಲ ಹಿಡಿದು ಓಡುವವರು ನಾವು. ಧಾರವಾಡದಿಂದ ಬಂದ ನನ್ನ ಅಮ್ಮನಿಗೆ ಎರಡು ಹೆಸರೂ ರುಚಿಸಲಿಲ್ಲ.

“ಇಷ್ಟೆಲ್ಲಾ ಓದಿ ಮಂದೀ ಕಾಲು ತಿಕ್ಕೋದೇನವಾ, ನಂದಾ?”

“ಕಾಲಷ್ಟ ಅಲ್ಲವಾ, ತಲೀನೂ ನೋಡ್ತೇನಿ.”

“ಹಂಗಾದ್ರ ಮೊದಲ ನಿಂದು ನೋಡ್ಕೋ.”

ವಿಶ್ವವಿದ್ಯಾಲಯದ ಪದವಿ ಮುಗಿಸಿ ನಾನು ಸೇರಿದ್ದು ಟೊರಾಂಟೊ ವಿಮಾನ ನಿಲ್ದಾಣದ ಬಳಿಯ ರೆಕ್ಸ್‌ಡೇಲ್‌ನ ಒಂದು ಅರೆವೃತ್ತಿಪರ ಕ್ಲಬ್ಬಿಗೆ. ಆಟಗಾರರು ಹಗಲು ಗೋದಾಮುಗಳಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸಿ, ಸಂಜೆ ಬೂಟು ಕಟ್ಟುವವರು. ಅದೇ ಗೋದಾಮುಗಳ ಬೆನ್ನಿಗೆ ನಮ್ಮ ಮೈದಾನ. ಇಳಿಯುವ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುತ್ತಿದ್ದವು. ವಿಮಾನ ಬಂದಾಗಲೆಲ್ಲ ನಮ್ಮ ಮ್ಯಾನೇಜರ್ ಮಾತನ್ನು ನಡುವೆಯೇ ತಡೆದು, ತೋರುಬೆರಳನ್ನು ಮೇಲೆತ್ತಿ ಕಾಯುತ್ತಿದ್ದರು. ಸದ್ದು ಅಡಗಿದ ಮೇಲೆ ಕಡಿದ ಪದದಿಂದಲೇ ವಾಕ್ಯವನ್ನು ಮುಂದುವರಿಸುತ್ತಿದ್ದರು. ಈ ವಿದ್ಯೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಅವರೇ ಲೆನ್ ಹಾಸ್‌ಕ್ರಾಫ್ಟ್. ಇಂಗ್ಲಿಷ್ ಫುಟ್‌ಬಾಲಿನ ರೂಢಿಯಲ್ಲಿ ಮ್ಯಾನೇಜರ್ ಎಂದರೆ ಕಚೇರಿಯ ವ್ಯವಸ್ಥಾಪಕನಲ್ಲ. ತಂಡವನ್ನು ಆರಿಸುವ, ಆಡಿಸುವ, ಬೈಯುವ, ಸೋತಾಗ ಮೊದಲು ಹೊರಬೀಳುವ ಮನುಷ್ಯ. ಆಟಗಾರರು ಅವರನ್ನು ‘ಗ್ಯಾಫರ್’ ಎನ್ನುತ್ತಿದ್ದರು, ಯಜಮಾನ ಎಂಬ ಅರ್ಥದಲ್ಲಿ. ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಪಟ್ಟಣವೊಂದರಲ್ಲಿ ಹುಟ್ಟಿ, ಅಲ್ಲಿನ ಕೆಳ ದರ್ಜೆಯ ಲೀಗುಗಳಲ್ಲಿ ರಕ್ಷಣಾ ಆಟಗಾರರಾಗಿ ಎರಡು ದಶಕ ಆಡಿದವರು. ಅವರ ಬಂಡವಾಳ ಕಾಲಲ್ಲ, ಹಣೆ. ಎದುರಾಳಿ ಎತ್ತರಕ್ಕೆ ಒದ್ದ ಪ್ರತಿ ಚೆಂಡನ್ನೂ ಹಣೆಯಿಂದ ಹಿಂದಕ್ಕೆ ಅಟ್ಟುವುದೇ ಅವರ ಉದ್ಯೋಗವಾಗಿತ್ತು. ಮಂಡಿ ಕೈಕೊಟ್ಟ ಮೇಲೆ ಮ್ಯಾನೇಜರಾಗಿ ದೇಶ ಬಿಟ್ಟರು. ಸೈಪ್ರಸ್, ಕುವೈತ್, ಮಲೇಷ್ಯಾ, ಗೋವಾ, ಕೊನೆಗೆ ಕೆನಡಾ. ಎಲ್ಲ ಕಡೆಯೂ ಕಥೆ ಒಂದೇ: ವಿಮಾನ ನಿಲ್ದಾಣದಲ್ಲಿ ಹಾರ, ನಾಲ್ಕು ಸೋಲಿನ ಬಳಿಕ ಬೀಳ್ಕೊಡುಗೆಯೂ ಇಲ್ಲದ ವಿದಾಯ.

ಮೊದಲ ದಿನ ನನ್ನನ್ನು ಕಂಡು ಕೇಳಿದ್ದು, “ಹೊಸ ಸ್ಪಂಜು ನೀನೇನಾ?” (ಅವರ ಇಂಗ್ಲಿಷನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

ಅವರ ಕಾಲದಲ್ಲಿ ಫಿಸಿಯೊ ಎಂದರೆ ತಣ್ಣೀರಿನ ಬಕೆಟ್ಟೂ ಸ್ಪಂಜೂ ಹಿಡಿದ ಒಬ್ಬ ಮುದುಕ. ಆಟಗಾರನ ಕಾಲು ಮುರಿಯಲಿ, ಹಲ್ಲು ಉದುರಲಿ, ಪ್ರಜ್ಞೆಯೇ ತಪ್ಪಲಿ, ಆ ಸ್ಪಂಜನ್ನು ಮುಖಕ್ಕೆ ಹಿಂಡಿದರೆ ಚಿಕಿತ್ಸೆ ಮುಗಿಯಿತು. ಕೊನೆಯವರೆಗೂ ಅವರಿಗೆ ನಾನು ಸ್ಪಂಜೇ.

“ಎಲ್ಲಿಯವಳು?”

“ಧಾರವಾಡ. ಕರ್ನಾಟಕ.”

“ಬೆಳಗಾವಿಯ ಹತ್ತಿರವೇ? ಗೋವಾದಲ್ಲಿ ಬೆಳಗಾವಿಯ ಗೋಲ್‌ಕೀಪರ್ ಒಬ್ಬನಿದ್ದ. ಚೆಂಡು ಅವನ ಕೈಯಲ್ಲಿ ನಿಂತದ್ದೇ ಇಲ್ಲ. ಆದರೆ ಪ್ರತಿ ರಜೆಯಿಂದಲೂ ಒಂದು ಡಬ್ಬಿ ಕುಂದಾ ತರುತ್ತಿದ್ದ. ಇಡೀ ವರ್ಷ ಆಡಿಸಿದೆ.”

ಮೊದಲ ಪಂದ್ಯದಲ್ಲೇ ನಾನು ಚೀಲದ ಜಿಪ್ ಹಾಕದೆ ಓಡಿ, ಟೇಪಿನ ಸುರುಳಿಗಳು ಮೈದಾನದ ತುಂಬ ಉರುಳಿಹೋದವು. ಗೋವಾದಲ್ಲಿ ಕಲಿತ ಹಿಂದಿ ಬೆರೆಸಿ ಲೆನ್ ಕೂಗಿದರು: “ಟೇಪು ನಿನಗಿಂತ ಮುಂದಿದೆ ಸ್ಪಂಜು! ಜಲ್ದಿ, ಜಲ್ದಿ!” ಎದುರಾಳಿ ತಂಡವೂ ನಕ್ಕಿತು. ಕಿರಿಯರೇ, ಚೀಲದ ಜಿಪ್ ಹಾಕಿಕೊಳ್ಳಿ. ನನ್ನ ವೃತ್ತಿಜೀವನದಲ್ಲಿ ಹೀಗೆ ನಕ್ಕು ಮರೆಯಬಹುದಾದ ತಪ್ಪುಗಳು ಬಹಳವಿಲ್ಲ.

ನಮ್ಮ ಮೊದಲ ಜಗಳ ನಾಯಕ ಡಿವೊನ್‌ನ ತಲೆಯ ವಿಷಯದಲ್ಲಿ ಆಯಿತು. ಜಮೈಕಾ ಮೂಲದ ರೆಕ್ಸ್‌ಡೇಲ್ ಹುಡುಗ, ತಂಡದ ಬೆನ್ನೆಲುಬು. ಎದುರಾಳಿಯ ತಲೆಗೂ ಅವನ ತಲೆಗೂ ಡಿಕ್ಕಿಯಾಗಿ ಕೆಳಗೆ ಬಿದ್ದ. ನಾನು ತಲುಪುವಷ್ಟರಲ್ಲಿ ಎದ್ದು ಕೂತಿದ್ದ. ಎದ್ದು ಕೂತವನು ಸರಿಯಿದ್ದಾನೆಂದು ನಂಬುವುದು ನೋಡುವವರ ಕೆಲಸ, ನಮ್ಮದಲ್ಲ. ಪೆಟ್ಟಿನಿಂದ ಮಿದುಳು ಅಲುಗಿ ಮಂಕಾಗುವ ಸ್ಥಿತಿಗೆ ಕಂಕಷನ್ ಎನ್ನುತ್ತೇವೆ. ಅದನ್ನು ಸ್ಥಳದಲ್ಲೇ ಶಂಕಿಸಲು ನಮ್ಮ ಬಳಿ ಕೆಲವು ಸರಳ ಪ್ರಶ್ನೆಗಳಿವೆ. ಈಗ ಯಾವ ಮೈದಾನದಲ್ಲಿದ್ದೀಯ? ಇದು ಮೊದಲ ಅರ್ಧವೋ, ಎರಡನೆಯದೋ? ಕೊನೆಯ ಗೋಲು ಯಾರದು? ಕಳೆದ ಪಂದ್ಯ ಯಾರೊಂದಿಗೆ? ಗೆದ್ದಿರಾ? ಹೆಸರು, ಊರು, ಹುಟ್ಟಿದ ದಿನ ಕೇಳಿ ಪ್ರಯೋಜನವಿಲ್ಲ. ಆಳದ ನೆನಪು ಪೆಟ್ಟಿಗೆ ಜಗ್ಗುವುದಿಲ್ಲ. ಮೊದಲು ಜಾರುವುದು ಈಗತಾನೇ ನಡೆದದ್ದು.

ಡಿವೊನ್ ಕೊನೆಯ ಗೋಲು ತನ್ನದೇ ಎಂದ. ಆ ದಿನ ಗೋಲೇ ಆಗಿರಲಿಲ್ಲ.

ನಾನು ಕೈಯೆತ್ತಿ ಅವನನ್ನು ಹೊರಗೆ ಕರೆದೆ. ಇಲ್ಲಿನ ನಿಯಮ ಸ್ಪಷ್ಟ: ಶಂಕೆಯಿದ್ದರೆ ಆಟಗಾರ ಹೊರಗೆ, ಮ್ಯಾನೇಜರ್ ಆ ತೀರ್ಮಾನವನ್ನು ತಳ್ಳಿಹಾಕಲಾರ. ಗೆರೆಯಂಚಿನಲ್ಲಿ ಲೆನ್ ಕುಣಿದಾಡಿದರು. ನಾವು ಸೋತೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೆದುರು ಹೇಳಿದರು:

“ಇವತ್ತು ನಮ್ಮನ್ನು ಸೋಲಿಸಿದ್ದು ಸ್ಪಂಜು.”

“ಒಪ್ಪಿದೆ. ಡಿವೊನ್ ತನ್ನ ಮಗಳ ಹೆಸರನ್ನು ನಾಳೆಯೂ ಕರೆಯಬೇಕಲ್ಲ.”

“ನಾನು ಇಪ್ಪತ್ತು ವರ್ಷ ಈ ತಲೆಯಿಂದಲೇ ಆಡಿದೆ, ಹುಡುಗಿ. ನನಗೇನಾಗಿದೆ?”

ಆಟಗಾರರು ನಕ್ಕರು. ಪ್ರಶ್ನೆ ಕೇಳಿದವರಿಗೂ ಉತ್ತರ ಬೇಕಿರಲಿಲ್ಲ.

ನಂತರ ವಿಧಾನಗಳು ಬದಲಾದವು. ಪಂದ್ಯಾವಳಿಗೆ ಮೊದಲೇ ಪ್ರತಿ ಆಟಗಾರನ ನೆನಪು, ವೇಗ, ಸಮತೋಲನಗಳನ್ನು ಅಳೆದಿಡುವ ಪರೀಕ್ಷೆ ಬಂತು. ಪೆಟ್ಟು ಬಿದ್ದ ಮೇಲೆ ಮತ್ತೆ ಅಳೆದು, ಮೊದಲಿನ ಮಟ್ಟಕ್ಕೆ ಮರಳಿದ್ದಾನೆಯೇ ಎಂದು ಹೋಲಿಸಿ ನೋಡುವುದು. ಮೊದಲ ವರ್ಷ ಫಲಿತಾಂಶ ನೋಡಿ ನಾನು ದಿಗಿಲುಬಿದ್ದೆ. ಇಡೀ ತಂಡಕ್ಕೆ ಐದು ಪದಗಳನ್ನು ಐದು ನಿಮಿಷ ನೆನಪಿಡುವ ಶಕ್ತಿಯಿರಲಿಲ್ಲ. ಡಿವೊನ್‌ನನ್ನು ಪಕ್ಕಕ್ಕೆ ಕರೆದೆ.

“ಏನಾಗಿದೆ ನಿಮಗೆಲ್ಲ?”

ಅವನು ಬೂಟಿನ ದಾರ ನೋಡಿಕೊಂಡು ಹೇಳಿದ: “ಗ್ಯಾಫರ್ ಹೇಳಿಕೊಟ್ಟದ್ದು. ಇವತ್ತು ದಡ್ಡರಾಗಿ, ಪೆಟ್ಟು ಬಿದ್ದ ದಿನ ಬುದ್ಧಿವಂತರಾಗಿ ಕಾಣ್ತೀರಿ ಅಂತ.”

ಇದು ಲೆನ್ ಒಬ್ಬರ ಕುಟಿಲತೆಯಲ್ಲ. ಆಟಗಾರರೆಲ್ಲರಿಗೂ ಗೊತ್ತಿರುವ ಉಪಾಯ. ನಿಮಗೂ ಎದುರಾಗುತ್ತದೆ. ನಾನು ಒಬ್ಬೊಬ್ಬರನ್ನೇ ಮತ್ತೆ ಕೂರಿಸಿ ಪರೀಕ್ಷಿಸಿದೆ. ಬಾಗಿಲಲ್ಲಿ ನಿಂತು ನಗುತ್ತಿದ್ದ ಲೆನ್‌ಗೆ ಖಾಲಿ ಕುರ್ಚಿ ತೋರಿಸಿ, “ನೀವೂ ಬನ್ನಿ” ಎಂದೆ.

“ನನ್ನ ಬೆನ್ನ ಮೇಲೆ ನಂಬರ್ ಇಲ್ಲ, ಸ್ಪಂಜು” ಎಂದು ಹೊರಟರು. ನಿಯಮವೂ ಅದನ್ನೇ ಹೇಳುತ್ತಿತ್ತು. ಗೆರೆಯೊಳಗಿನ ತಲೆಗೆ ನಾನು ಹೊಣೆ. ಗೆರೆಯಾಚೆ ನಿಂತ ತಲೆಗೆ ಯಾರೂ ಅಲ್ಲ.

ಅವರಿಂದ ನಾನು ಕಲಿತದ್ದನ್ನು ಮುಚ್ಚಿಡುವುದು ಅಪ್ರಾಮಾಣಿಕತೆಯಾದೀತು. ಆಟಗಾರರು ಬರುವ ಹೊತ್ತಿಗೆ ಲೆನ್ ವಾಹನ ನಿಲುಗಡೆಯಲ್ಲಿ ನಿಲ್ಲುತ್ತಿದ್ದರು. ಒಮ್ಮೆ ನಮ್ಮ ವೇಗದ ಹುಡುಗನೊಬ್ಬ ಕಾರಿನಿಂದ ಇಳಿದದ್ದನ್ನು ನೋಡಿ, “ಇವತ್ತು ಇವನನ್ನು ಓಡಿಸಬೇಡ, ತೊಡೆಯ ಹಿಂಭಾಗ ಹರಿಯುತ್ತದೆ” ಎಂದರು. ನಾನು ಪರೀಕ್ಷಿಸಿದೆ, ಏನೂ ಸಿಗಲಿಲ್ಲ. ಆಡಲು ಬಿಟ್ಟೆ. ಮೊದಲ ಓಟದಲ್ಲೇ ಹರಿಯಿತು. ಕಾರಿನಿಂದ ಇಳಿಯುವಾಗ ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ, ಅಷ್ಟೇ. ಇಂಥ ಕಣ್ಣಿದ್ದ ಮನುಷ್ಯ ತನ್ನೊಳಗೆ ಹರಿಯುತ್ತಿದ್ದುದನ್ನು ಕಾಣಲಿಲ್ಲವೇ? ಕಂಡಿದ್ದರು ಎಂದೇ ನನ್ನ ನಂಬಿಕೆ.

ಮೊದಲ ಸೂಚನೆ ಸಿಕ್ಕದ್ದು ಒಂದು ವಿಮಾನದಿಂದ. ಅಭ್ಯಾಸದ ನಡುವೆ ಲೆನ್ ಬೆರಳೆತ್ತಿದರು, ಕಾದರು. ವಿಮಾನ ಹೋಯಿತು. ಬೆರಳು ಹಾಗೆಯೇ ಇತ್ತು. ವಾಕ್ಯ ಮರಳಲಿಲ್ಲ. ಕೊನೆಗೆ ಅವರು ಆ ಬೆರಳಿನಿಂದಲೇ ಕಿವಿ ಕೆರೆದುಕೊಂಡು, “ಸರಿ, ಓಡಿ” ಎಂದರು.

ಎರಡನೆಯದು ಓಕ್‌ವಿಲ್‌ನಲ್ಲಿ, ಪಂದ್ಯದ ಕೊನೆಯ ಘಟ್ಟದಲ್ಲಿ. ಲೆನ್ ಬದಲಿ ಆಟಗಾರನನ್ನು ಸಿದ್ಧಪಡಿಸಿ, ಎಂಟನೆಯ ನಂಬರನ್ನು ಹೊರಗೆ ಕರೆಯಿರಿ ಎಂದು ಅಧಿಕಾರಿಗೆ ಸೂಚಿಸಿದರು. ಎಂಟನೆಯ ನಂಬರು ಆಗಲೇ ಹೊರಬಂದು, ಜಾಕೆಟ್ ತೊಟ್ಟು, ಲೆನ್ ಪಕ್ಕದಲ್ಲೇ ಕಿತ್ತಳೆ ತಿನ್ನುತ್ತಿದ್ದ. ಬೆಂಚು ಗೊಳ್ಳೆಂದಿತು. ಲೆನ್ ಎಲ್ಲರಿಗಿಂತ ಜೋರಾಗಿ ನಕ್ಕರು: “ಅವನು ಆಡಿದ ಆಟಕ್ಕೆ ಒಂದು ಸಲ ಹೊರಹಾಕಿದರೆ ಸಾಲದು!” ನಗದವರು ಇಬ್ಬರೇ, ನಾನು ಮತ್ತು ಡಿವೊನ್. ಮೈದಾನದ ಆ ಬದಿಯಿಂದ ಅವನು ನನ್ನತ್ತ ತಿರುಗಿ, ತನ್ನ ತಲೆಯನ್ನು ಮೆಲ್ಲನೆ ತಟ್ಟಿಕೊಂಡ. ಆಟಗಾರನಿಗೆ ಪೆಟ್ಟು ಬಿದ್ದಿದೆ ಎಂದು ನನಗೆ ತಿಳಿಸಲು ಅವರೆಲ್ಲ ಮಾಡುವ ಸನ್ನೆ ಅದು.

ವೈದ್ಯರ ಬಳಿ ಹೋಗಿ ಎಂದು ನಾನು ಲೆನ್‌ಗೆ ನೇರವಾಗಿಯೇ ಹೇಳಿದೆ. “ಮರೆವು ಮ್ಯಾನೇಜರನ ಔಷಧ. ಸೋಲನ್ನು ಮರೆಯದವನು ಇನ್ನೊಂದು ತಂಡವನ್ನು ಆರಿಸಲಾರ” ಎಂದು ತೇಲಿಸಿಬಿಟ್ಟರು. ಆದ್ದರಿಂದ ಕ್ಲಬ್ಬಿನ ಮುಖ್ಯಸ್ಥರ ಬಳಿಗೆ ಹೋದೆ.

ಅವರು ಕನ್ನಡಿಗರು. ಮೋಹನ್ ಎಂದು ಕರೆಯುತ್ತೇನೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿ ಕಂಪನಿ ಕಟ್ಟಿ, ಓಕ್‌ವಿಲ್‌ನಲ್ಲಿ ಮನೆ ಮಾಡಿದವರು. ಇಲ್ಲಿನ ನಮ್ಮ ಮನೆಗೆ ಹಬ್ಬಕ್ಕೆ ಬರುವಷ್ಟು ಪರಿಚಯ. ಕ್ಲಬ್ಬನ್ನು ಕೈಗೆ ತೆಗೆದುಕೊಂಡ ಮೇಲೆ ಮಿಸಿಸಾಗಾದಲ್ಲಿ ಮಕ್ಕಳ ಅಕಾಡೆಮಿ ತೆರೆದಿದ್ದರು. ಅದರ ಆಕರ್ಷಣೆ ಇಂಗ್ಲೆಂಡಿನ ಕೋಚು. ನಮ್ಮ ಜನ ಆ ಉಚ್ಚಾರಣೆ ಕೇಳಿಯೇ ಮಕ್ಕಳನ್ನು ಸೇರಿಸುತ್ತಿದ್ದರು. ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಬೀದಿಯ ಕಾಫಿ ಅಂಗಡಿಯಲ್ಲಿ ಕೂತು ನಾನು ಎಲ್ಲವನ್ನೂ ಹೇಳಿದೆ.

“ನೋಡಮ್ಮಾ ನಂದಿತಾ, ವಯಸ್ಸಾಯ್ತು, ಮರೀತಾರೆ. ನಾನೂ ದಿನಾ ಕಾರ್ ಕೀ ಹುಡುಕ್ತೀನಿ. ನಮ್ಮನೇವ್ರನ್ನ ಕೇಳು.”

“ಅಂಕಲ್, ಕಾರ್ ಕೀ ಮರೆಯೋದು ಬೇರೆ, ಕಾರ್ ಯಾತಕ್ಕೆ ಅಂತ ಮರೆಯೋದು ಬೇರೆ. ಅವರಿಗೆ ನ್ಯೂರಾಲಜಿಸ್ಟ್ ಚೆಕ್ ಆಗ್ಬೇಕು. ಅಲ್ಲೀವರೆಗೂ ಮೈದಾನದ ಜವಾಬ್ದಾರಿ ಕೊಡಬಾರದು.”

“ನೀನು ಡಾಕ್ಟ್ರಾ?”

“ಅಲ್ಲ. ಅದಕ್ಕೇ ಡಾಕ್ಟ್ರಿಗೆ ತೋರ್ಸಿ ಅಂತಿರೋದು.”

“ಸಮ್ಮರ್ ಕ್ಯಾಂಪ್ ಫುಲ್ ಆಗಿದೆಯಮ್ಮಾ. ಪೋಸ್ಟರಲ್ಲಿ ಅವರ ಮುಖ ಇದೆ. ಈಗ ಏನಂತ ಹೇಳ್ಲಿ ಪೇರೆಂಟ್ಸ್‌ಗೆ?”

“ನಿಜ ಹೇಳಿ.”

ಅವರು ಕಪ್ಪನ್ನು ತಟ್ಟೆಯ ಮೇಲೆ ನೆಟ್ಟಗೆ ಕೂರಿಸಿ, ಸ್ವರ ಇಳಿಸಿದರು. “ನಿಮ್ಮಪ್ಪ ನಂಗೆ ಅಣ್ಣ ಇದ್ದ ಹಾಗೆ. ನಿಂಗೆ ತೊಂದ್ರೆ ಆಗೋದು ನಂಗಿಷ್ಟ ಇಲ್ಲ. ಬಿಡು, ನಾನು ಏನೋ ಒಂದು ಅರೇಂಜ್ ಮಾಡ್ತೀನಿ.”

ಕಿರಿಯರೇ, ನಮ್ಮ ಸಮುದಾಯದಲ್ಲಿ ಪ್ರಶ್ನೆ ಕೇಳುವ ಹೆಣ್ಣಿನ ಬಾಯಿಯನ್ನು ಬೆದರಿಕೆ ಮುಚ್ಚಿಸುವುದಿಲ್ಲ. ‘ಅಮ್ಮಾ’ ಎಂಬ ಸಂಬೋಧನೆ ಮುಚ್ಚಿಸುತ್ತದೆ. ಅದಕ್ಕೆ ಸಿದ್ಧರಾಗಿರಿ.

ಮೋಹನ್ ಮಾಡಿದ ಏರ್ಪಾಡನ್ನು ಕೇಳಿ. ಹಿರಿಯರ ತಂಡದ ಹೊಣೆಯನ್ನು ಲೆನ್ ಕೈಯಿಂದ ಸದ್ದಿಲ್ಲದೆ ತೆಗೆದು ಸಹಾಯಕನಿಗೆ ಕೊಟ್ಟರು. ಲೆನ್‌ರನ್ನು ಭಾನುವಾರದ ಮಕ್ಕಳ ತರಗತಿಗಳಿಗೆ ಕಳುಹಿಸಿದರು. ಕಾರಣ ಕೇಳಿದಾಗ ಸಮಿತಿಯ ಸಭೆಯಲ್ಲಿ ಅವರು ಕೊಟ್ಟ ಉತ್ತರ ಇದು: “ಅಲ್ಲಿ ಪಾಯಿಂಟ್ಸ್ ಹೋಗಲ್ಲವಲ್ಲ.” ಅಂದರೆ, ಲೆನ್‌ಗೆ ಏನೋ ಆಗಿದೆಯೆಂದು ಕ್ಲಬ್ಬು ಬಲ್ಲದು. ಹಿರಿಯರ ಪಂದ್ಯಗಳನ್ನು ಆ ಮರೆವಿನಿಂದ ಕಾಪಾಡಬೇಕೆಂದೂ ಬಲ್ಲದು. ಮಕ್ಕಳನ್ನು ಕಾಪಾಡಬೇಕೆಂದು ಮಾತ್ರ ಅದಕ್ಕೆ ಹೊಳೆಯಲಿಲ್ಲ. ನಾನು ಆ ಸಭೆಯಲ್ಲೇ ಎರಡು ಷರತ್ತುಗಳನ್ನು ಮುಂದಿಟ್ಟೆ. ಲೆನ್ ಜೊತೆ ಸದಾ ಇನ್ನೊಬ್ಬ ಕೋಚ್ ಇರಬೇಕು. ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸವನ್ನು ಚಿಕ್ಕ ಮಕ್ಕಳಿಗೆ ಮಾಡಿಸುವುದಿಲ್ಲವೆಂದು ಕ್ಲಬ್ಬು ಆಗಲೇ ಒಪ್ಪಿದ್ದ ನಿಯಮ ಪಾಲನೆಯಾಗಬೇಕು. ಎರಡಕ್ಕೂ ಮೋಹನ್ ತಲೆಯಾಡಿಸಿದರು. “ಆಯ್ತಮ್ಮಾ, ಆಯ್ತು.”

ಚಳಿಗಾಲದಲ್ಲಿ ಇಲ್ಲಿ ಫುಟ್‌ಬಾಲ್ ಡೋಮಿನೊಳಗೆ ನಡೆಯುತ್ತದೆ. ಗಾಳಿ ತುಂಬಿ ಉಬ್ಬಿಸಿದ ದೊಡ್ಡ ಬಿಳಿ ಗುಡಾರ; ಸುತ್ತುವ ಬಾಗಿಲು ದಾಟಿದೊಡನೆ ಕಿವಿ ಒತ್ತಿದಂತಾಗುತ್ತದೆ. ಆ ಭಾನುವಾರ ಬೆಳಿಗ್ಗೆ ಒಂದು ಮಗುವಿನ ಮೊಣಕಾಲು ನೋಡಲೆಂದು ಹೋಗಿದ್ದೆ. ಒಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು, ಎರಡನೆಯ ಕೋಚ್ ಇಲ್ಲದಿರುವುದು. ಅವನನ್ನು ಮೋಹನ್ ಇನ್ನೊಂದು ಊರಿನ ಆಯ್ಕೆ ಶಿಬಿರಕ್ಕೆ ಕಳುಹಿಸಿದ್ದರೆಂದು ಬಳಿಕ ತಿಳಿಯಿತು.

ಮಕ್ಕಳು ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಹತ್ತು ವರ್ಷದ ಹುಡುಗಿ, ಶ್ರೇಯಾ. ಲೆನ್ ಎರಡೂ ಕೈಯಿಂದ ಚೆಂಡನ್ನು ಎತ್ತರಕ್ಕೆ ಎಸೆದರು. ಅವಳು ಹಾರಿ ಹಣೆಯಿಂದ ಹಿಂದಿರುಗಿಸಿದಳು. “ಭೇಷ್! ಕಣ್ಣು ತೆರೆದಿರಲಿ. ಈಗ ನಿನ್ನ ಸರದಿ” ಎಂದು ಲೆನ್ ಮತ್ತೆ ಎಸೆದರು, ಅವಳಿಗೇ. ಅವಳು ಹಿಂದಿರುಗಿಸಿದಳು. “ಭೇಷ್! ಕಣ್ಣು ತೆರೆದಿರಲಿ. ಈಗ ನಿನ್ನ ಸರದಿ.” ಮತ್ತೆ ಅವಳಿಗೇ.

ಅದೇ ವಾಕ್ಯ, ಅದೇ ಏರಿಳಿತ, ಅದೇ ನಗು. ಅವರು ಅವಳನ್ನು ಶಿಕ್ಷಿಸುತ್ತಿರಲಿಲ್ಲ. ಪ್ರತಿ ಎಸೆತವೂ ಅವರಿಗೆ ಮೊದಲ ಎಸೆತ. ಪ್ರತಿ ಸಲವೂ ಅವಳು ಆಗತಾನೇ ಸಾಲಿನ ಮುಂದೆ ಬಂದ ಹೊಸ ಮಗು. ಅವರ ಪಾಲಿಗೆ ಆ ಕ್ಷಣ ಎಂದಿಗೂ ಮುಗಿಯುತ್ತಿರಲಿಲ್ಲ. ಹಿಂದೆ ನಿಂತ ಮಕ್ಕಳು ಬೇಸತ್ತು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಬೆಂಚಿನಲ್ಲಿ ಸಾಲಾಗಿ ಕೂತ ಪೋಷಕರು ಫೋನ್ ಎತ್ತಿ ಚಿತ್ರೀಕರಿಸುತ್ತಿದ್ದರು. ಶ್ರೇಯಾಳ ತಂದೆ, ಮೈಸೂರಿನ ಸಾಫ್ಟ್‌ವೇರ್ ಉದ್ಯೋಗಿ, ಹೆಮ್ಮೆಯಿಂದ ಎದ್ದು ನಿಂತಿದ್ದರು.

ಹುಡುಗಿ ಈಗ ಹಾರುತ್ತಿರಲಿಲ್ಲ. ನಿಂತಲ್ಲೇ ತಲೆಯೊಡ್ಡುತ್ತಿದ್ದಳು.

“ಅಪ್ಪಾ, ಮೈ ಹೆಡ್ ಹರ್ಟ್ಸ್.”

“ಇನ್ನೊಂದೇ ಒಂದು ಪುಟ್ಟಾ! ಕೋಚ್ ನಿಂಗೇ ಸ್ಪೆಷಲ್ಲಾಗಿ ಹೇಳ್ಕೊಡ್ತಿದಾರೆ, ನೋಡು!”

ನಾನು ಓಡಿದೆ. ಮುಂದಿನ ಚೆಂಡು ಗಾಳಿಯಲ್ಲಿರುವಾಗಲೇ ಅವಳ ಮುಂದೆ ನಿಂತೆ. ಅದು ನನ್ನ ಭುಜಕ್ಕೆ ತಾಗಿ ಉರುಳಿತು.

“ಏನ್ರೀ ಇದು?” ತಂದೆ ಗೆರೆ ದಾಟಿ ಬಂದರು. “ನಮ್ಮ ಮಗಳ ಟರ್ನ್ ಇದು. ನಡುವೆ ಯಾಕೆ ಬರ್ತೀರಾ?”

“ಸರ್, ಅವಳನ್ನ ಕೂರ್ಸಿ. ಈಗಲೇ.”

“ಅವರು ಇಂಗ್ಲೆಂಡಲ್ಲಿ ಆಡಿದವರು. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?”

ಶ್ರೇಯಾ ನನ್ನ ತೋಳನ್ನು ಹಿಡಿದಳು, ಹಾಗೆಯೇ ಬಾಗಿ ಹಸಿರು ನೆಲದ ಮೇಲೆ ವಾಂತಿ ಮಾಡಿಕೊಂಡಳು. ತಂದೆಯ ಕೈಯಲ್ಲಿದ್ದ ಫೋನು ಕೆಳಗಿಳಿಯಿತು.

ಅವಳನ್ನು ಮಲಗಿಸಿ, ಕುತ್ತಿಗೆ ನೋಡಿ, ಆಂಬ್ಯುಲೆನ್ಸ್ ಕರೆಸಿ, ತಂದೆಯೊಂದಿಗೆ ಕಳುಹಿಸಿದೆ. ಉಳಿದ ಮಕ್ಕಳನ್ನು ಅವರವರ ಪೋಷಕರಿಗೆ ಒಪ್ಪಿಸಿದೆ. ಲೆನ್ ಅಲ್ಲೇ ಚೆಂಡು ಹಿಡಿದು ನಿಂತಿದ್ದರು, ಸರದಿಗಾಗಿ ಕಾಯುವವರಂತೆ. ನಾನು ಹತ್ತಿರ ಹೋಗಿ, ಬಿದ್ದ ಆಟಗಾರನನ್ನು ಕೇಳುವ ಸ್ವರದಲ್ಲೇ ಕೇಳಿದೆ.

“ಲೆನ್, ಈಗ ಯಾವ ಮೈದಾನದಲ್ಲಿದ್ದೀರಿ?”

ಅವರು ಮೇಲಿನ ಬಿಳಿ ಬಟ್ಟೆಯನ್ನು ಬಹಳ ಹೊತ್ತು ನೋಡಿದರು.

“ಮೊದಲ ಅರ್ಧವೋ, ಎರಡನೆಯದೋ?”

“ಮೋಸದ ಪ್ರಶ್ನೆ ಕೇಳಬೇಡ, ಸ್ಪಂಜು.”

“ಕೊನೆಗೆ ಚೆಂಡು ಹೊಡೆದದ್ದು ಯಾರು?”

ಅವರಿಗೆ ಯಾವ ತಮಾಷೆಯೂ ಒದಗಿ ಬರಲಿಲ್ಲ. ಚೆಂಡನ್ನು ನನ್ನ ಕೈಗಿತ್ತು, ಆಟಗಾರರು ಹೊರಬರುವಾಗ ನಡೆಯುವಂತೆ, ತಲೆ ತಗ್ಗಿಸಿ ಗೆರೆಯತ್ತ ನಡೆದರು. ನಾನು ಪಕ್ಕದಲ್ಲೇ ನಡೆದೆ. ಗೆರೆ ದಾಟಿದ ಮೇಲೆ, “ಇದನ್ನು ಎಲ್ಲರಿಗೂ ಹೇಳಬೇಕಾಗುತ್ತದೆಯೇ?” ಎಂದು ಕೇಳಿದರು. ಹೌದು ಎಂದೆ. “ಸರಿ” ಎಂದರು.

ಶ್ರೇಯಾಳಿಗೆ ಕಂಕಷನ್ ಆಗಿತ್ತು. ಬೆಳಕು ಕಂಡರೆ ಅಳುತ್ತಿದ್ದಳು. ವಾರಗಟ್ಟಲೆ ಶಾಲೆ ತಪ್ಪಿತು. ಲೆನ್‌ರನ್ನು ಅವರ ಮಗಳು ಕೊನೆಗೂ ವೈದ್ಯರ ಬಳಿ ಕರೆದೊಯ್ದಳು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾಗಿ ಬಹಳ ಕಾಲವಾಗಿದೆ ಎಂದರು ವೈದ್ಯರು. ಹಣೆಗೆ ಬಡಿದ ಆ ಚೆಂಡುಗಳೇ ಇದಕ್ಕೆ ಕಾರಣವೇ ಎಂದು ಕೇಳಿದಾಗ, ಖಚಿತವಾಗಿ ಹೇಳಲಾಗದು, ಅಲ್ಲಗಳೆಯಲೂ ಆಗದು ಎಂದರಂತೆ. ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಪೋಷಕರ ಸಭೆಗೆ ಮೊದಲು ಮೋಹನ್ ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲವೆಂದು ತೋರುತ್ತಿತ್ತು. ಅವರು ರಾಕ್ಷಸರಲ್ಲ. ಅದೇ ನನ್ನ ಸಿಟ್ಟಿನ ಮೂಲ.

“ಒಂದೇ ಒಂದು ಮಾತು ಹೇಳ್ಬಿಡು ನಂದಿತಾ. ಲೆನ್ ತಮ್ಮ ಕಂಡೀಷನ್ ನಮ್ಮಿಂದ ಮುಚ್ಚಿಟ್ಟಿದ್ರು ಅಂತ. ಅವರಿಗಂತೂ ಇನ್ನು ಏನೂ ಆಗಲ್ಲ. ಕ್ಲಬ್ ಉಳಿಯುತ್ತೆ.”

“ಅವರಿಗೆ ನೆನಪಿರಲ್ಲ ಅಂತಾನಾ, ಅಂಕಲ್?”

ಅವರು ಸಭೆಯ ಬಾಗಿಲು ತೆರೆದು ಒಳಗೆ ಹೋದರು.

ಸಭೆಯಲ್ಲಿ ನಾನು ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿದೆ: ವಿಮಾನ, ಎಂಟನೆಯ ನಂಬರು, ಕಾಫಿ ಅಂಗಡಿ, ‘ಪಾಯಿಂಟ್ಸ್ ಹೋಗಲ್ಲವಲ್ಲ’ ಎಂಬ ಮಾತು, ಎರಡು ಷರತ್ತು, ಎರಡಕ್ಕೂ ಮೋಹನ್ ಆಡಿಸಿದ ತಲೆ. ಡಿವೊನ್ ಎದ್ದು ನಿಂತು, ತಾನು ಕಂಡದ್ದೂ ಅದೇ ಎಂದ. ಕೆಲವು ಪೋಷಕರು ಅತ್ತರು. ಕೆಲವರು ಮೋಹನ್‌ರನ್ನು ಬೈದರು. ಹೆಚ್ಚಿನವರು ಲೆನ್‌ರನ್ನು ಬೈದರು, ಏಕೆಂದರೆ ಅವರು ಅಲ್ಲಿರಲಿಲ್ಲ. ಸಮಿತಿ ಕೊನೆಗೆ ಹೊರಡಿಸಿದ ಹೇಳಿಕೆಯಲ್ಲಿ ಇದ್ದದ್ದು ಇಷ್ಟೇ: ಕೋಚ್ ಹಾಸ್‌ಕ್ರಾಫ್ಟ್ ಅನಾರೋಗ್ಯದ ನಿಮಿತ್ತ ಗೌರವಪೂರ್ವಕವಾಗಿ ನಿವೃತ್ತರಾಗಿದ್ದಾರೆ. ಯಾರಿಗೆ ಯಾವಾಗ ಗೊತ್ತಿತ್ತು, ಯಾರು ಎರಡನೆಯ ಕೋಚನ್ನು ಬೇರೆಡೆ ಕಳುಹಿಸಿದರು ಎಂಬುದರ ಬಗ್ಗೆ ಒಂದಕ್ಷರವಿಲ್ಲ. ಇನ್ನು ಮುಂದೆ ಗೆರೆಯಂಚಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಆಟಗಾರರಿಗಿರುವ ಪರೀಕ್ಷೆಯೇ ಇರಲಿ, ನಿಲ್ಲಿಸುವ ಅಧಿಕಾರ ಫಿಸಿಯೊಗೆ ಅಲ್ಲಿಯೂ ಇರಲಿ ಎಂದು ನಾನು ಕೇಳಿದೆ. ಪರಿಶೀಲಿಸುತ್ತೇವೆ ಎಂದರು. ಅದೇ ವಾರ ಆ ವೃತ್ತಿಯಿಂದ ನಿವೃತ್ತಳಾದೆ. ಈಗ ಕಾನೂನು ಓದುತ್ತಿದ್ದೇನೆ. ಪರಿಶೀಲನೆ ಎಂಬ ಪದಕ್ಕೆ ಗಡುವು ಹಾಕುವುದು ಹೇಗೆಂದು ಕಲಿಯುವುದಿದೆ.

ಸ್ಟ್ರೀಟ್ಸ್‌ವಿಲ್‌ನಲ್ಲಿ ಮಗಳ ಮನೆಯಲ್ಲಿರುವ ಲೆನ್‌ರನ್ನು ಆಗಾಗ ನೋಡಲು ಹೋಗುತ್ತೇನೆ. ಸೈಪ್ರಸ್ಸಿನ ತಂಡದ ಹನ್ನೊಂದು ಹೆಸರುಗಳನ್ನೂ ಹೇಳುತ್ತಾರೆ. ನನ್ನ ಹೆಸರು ಬರುವುದಿಲ್ಲ, ವೈದ್ಯೆ ಎಂದುಕೊಂಡಿದ್ದಾರೆ. ಹೋದ ಸಲ ಕಿಟಕಿಯ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

“ಆ ಪುಟ್ಟ ಹುಡುಗಿಯ ತಲೆನೋವು ಹೋಯಿತೇ?”

ಅದು ಅವರಲ್ಲಿ ಹೇಗೆ ಉಳಿಯಿತೋ ತಿಳಿಯದು. ಆ ಡೋಮನ್ನೂ ಆ ಭಾನುವಾರವನ್ನೂ ಅವರು ಎಂದೋ ಕಳೆದುಕೊಂಡಿದ್ದಾರೆ.

“ಹೋಯಿತು, ಲೆನ್. ಶಾಲೆಗೆ ಹೋಗುತ್ತಿದ್ದಾಳೆ.”

“ಒಳ್ಳೆಯದು.” ತೊಳೆಗಳನ್ನು ತಟ್ಟೆಯಲ್ಲಿ ಒಂದೊಂದಾಗಿ ಇಟ್ಟರು. ಹುಬ್ಬು ಗಂಟಿಕ್ಕಿತು, ತಂಡ ಸೋತ ದಿನದ ಹಳೆಯ ಸಿಟ್ಟು ಮುಖಕ್ಕೆ ಬಂತು. “ಅಷ್ಟು ಚಿಕ್ಕ ಮಗುವಿಗೆ ಯಾವ ಮೂರ್ಖ ಚೆಂಡು ಎಸೆಯುತ್ತಲೇ ಇದ್ದ? ಯಾರೂ ಅವನನ್ನು ತಡೆಯಲಿಲ್ಲವೇ?”

“ತಡೆದರು, ಲೆನ್. ಬಹಳ ತಡವಾಗಿ.”

“ಎಷ್ಟು ತಡವಾಗಿ?” ಎಂದು ನನ್ನನ್ನೇ ನೋಡಿದರು. “ಅದಕ್ಕೂ ಮೊದಲು ಯಾರಿಗೂ ಗೊತ್ತಿರಲಿಲ್ಲವೇ?”

ಉತ್ತರಿಸಬೇಕಾದವರು ಯಾರೂ ಆ ಕೋಣೆಯಲ್ಲಿರಲಿಲ್ಲ.